ಬಸ್ ಚಾರ್ಜಿಗೆ ದುಡ್ಡಿಲ್ಲ ಅಂದವರು: ಮಧುರೈನ ಒಂದು ಕಣ್ಣಾಸ್ಪತ್ರೆಯ ಪ್ರಕರಣ

ಆಪರೇಷನ್ ಪೂರ್ತಿ ಫ್ರೀ. ಪೊರೆ ತೆಗೆದರೆ ಕಣ್ಣು ಕಾಣುತ್ತದೆ ಅಂತ ಡಾಕ್ಟರೇ ಊರಿಗೆ ಬಂದು ಕ್ಯಾಂಪಿನಲ್ಲಿ ಕೂತು ಹೇಳಿದ್ದಾರೆ. ಆಸ್ಪತ್ರೆಗೆ ಬನ್ನಿ ಅಂತ ಕರೆದಿದ್ದಾರೆ. ಆದರೂ ಹೆಚ್ಚಿನವರು ಬರಲೇ ಇಲ್ಲ.

ಮಧುರೈನ ಅರವಿಂದ್ ಕಣ್ಣಾಸ್ಪತ್ರೆಗೆ ಶುರುವಿನ ವರ್ಷಗಳಲ್ಲಿ ಎದುರಾದ ಪರಿಸ್ಥಿತಿ ಇದು. ಇಂಥ ಹೊತ್ತಲ್ಲಿ ಒಂದು ಸಂಸ್ಥೆ ಏನು ಹೇಳಬಹುದು? "ನಾವು ಫ್ರೀ ಅಂತ ಹೇಳಿ ಆಯ್ತು, ಬರೋದು ಬಿಡೋದು ಅವರಿಗೆ ಬಿಟ್ಟಿದ್ದು" ಅಂದಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಅಂತ ಒಂದು ಮಾತು ಸೇರಿಸಿದ್ದರೆ ಕೇಳುವವರು ಹೌದೌದು ಅಂತ ತಲೆಯಾಡಿಸುತ್ತಿದ್ದರು. ಅರವಿಂದ್‌ನವರು ಅಲ್ಲಿಗೆ ಕೈ ತೊಳೆದುಕೊಳ್ಳಲಿಲ್ಲ. ಯಾಕೆ ಬರಲಿಲ್ಲ ಅಂತ ಜನರನ್ನೇ ಕೇಳಿದರು.

ಸಿಕ್ಕ ಉತ್ತರಗಳು ಸರಳವಾಗಿದ್ದವು. ಬಸ್ ಚಾರ್ಜಿಗೆ ದುಡ್ಡಿಲ್ಲ. ಜೊತೆಗೆ ಕರೆದುಕೊಂಡು ಹೋಗುವವರಿಲ್ಲ, ಮಗ ಕೂಲಿ ಬಿಟ್ಟು ಬಂದರೆ ಮನೆಯಲ್ಲಿ ಒಲೆ ಹೊತ್ತಬೇಕಲ್ಲ. ಆಸ್ಪತ್ರೆಯಲ್ಲಿ ಊಟಕ್ಕೆ ಏನು ಮಾಡೋದು? ಕಣ್ಣಿಗೆ ಕತ್ತರಿ ಹಾಕುತ್ತಾರೆ ಅಂದರೆ ಭಯ. ಇನ್ನೊಂದು ಕಣ್ಣು ಅಷ್ಟೋ ಇಷ್ಟೋ ಕಾಣುತ್ತದೆ, ಸಾಕು.

ಫ್ರೀ ಅನ್ನುವ ಮಾತಿನ ನಿಜವಾದ ಅರ್ಥ ಅರವಿಂದ್‌ಗೆ ಹೊಳೆದದ್ದು ಅಲ್ಲಿ. ಆಸ್ಪತ್ರೆಯ ಲೆಕ್ಕದಲ್ಲಿ ಫ್ರೀ ಆದದ್ದು ಕೂಲಿಯವನ ಲೆಕ್ಕದಲ್ಲಿ ಫ್ರೀ ಅಲ್ಲ. ಹಾಗಾಗಿ ಕ್ಯಾಂಪಿನಿಂದಲೇ ಬಸ್ಸಿನಲ್ಲಿ ಕರೆದುಕೊಂಡು ಬರುವುದು, ಊಟ, ಉಳಿದುಕೊಳ್ಳಲು ಜಾಗ, ಔಷಧಿ, ಆಮೇಲೆ ವಾಪಸ್ ಊರಿಗೆ ಬಿಡುವುದು, ಎಲ್ಲವೂ ಆಸ್ಪತ್ರೆಯ ಜವಾಬ್ದಾರಿಯಾಯಿತು. ಇದನ್ನು ಸುಮ್ನೆ ಅಂದಾಜಿನ ಮೇಲೆ ಬಿಡಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವಿಧಾನ ಇಟ್ಟು ಹೋಲಿಸಿ ನೋಡಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಬರೀ ಆಪರೇಷನ್ ಫ್ರೀ ಅಂದ ಕಡೆಗಿಂತ, ಊಟ ಮತ್ತು ಪ್ರಯಾಣವನ್ನೂ ಸೇರಿಸಿದ ಕಡೆ ಜಾಸ್ತಿ ಜನ ಬಂದಿದ್ದರು. ಅದರಲ್ಲೂ ಮೊದಲೇ ಪೊರೆ ತೆಗೆಸಿಕೊಂಡು ಕಣ್ಣು ಕಂಡವರೊಬ್ಬರು ಮನೆ ಮನೆಗೆ ಹೋಗಿ, "ನೋಡಿ, ನಂದು ಆಯ್ತು, ಏನೂ ಆಗಲಿಲ್ಲ" ಅಂತ ಹೇಳಿದ ಕಡೆ ಇನ್ನೂ ಒಳ್ಳೆಯ ಫಲ ಸಿಕ್ಕಿತು.

ಈ ಬಸ್ ಚಾರ್ಜಿನ ವಿಷಯ ನನಗೆ ಇಡೀ ಪ್ರಕರಣದ ಬೀಗದ ಕೈ ಇದ್ದ ಹಾಗೆ ಕಾಣುತ್ತದೆ. ನಮ್ಮ ಎಷ್ಟೋ ಆಫೀಸುಗಳಲ್ಲಿ ಒಳಗೆ ಹೋಗುತ್ತಲೇ ಗೋಡೆಯ ಮೇಲೆ 'ನಮ್ಮ ಮೌಲ್ಯಗಳು' ಅಂತ ಫ್ರೇಮು ಹಾಕಿರುತ್ತಾರೆ. ಅಲ್ಲಿರುವ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಬರೆದವರು ಮನಸಾರೆ ಬರೆದಿರಬಹುದು. ಆದರೆ ಆ ಮಾತಿಗೆ ಬೆಲೆ ತೆರುವ ಹೊತ್ತು ಬಂದಾಗ ಯಾರು ತೆತ್ತರು ಅಂತ ನೋಡಬೇಕು. ಅರವಿಂದ್‌ನಲ್ಲಿ ಅದನ್ನು ಆಸ್ಪತ್ರೆಯೇ ತೆತ್ತಿತು, ಮತ್ತು ತೆರಲು ಬೇಕಾದ ದುಡ್ಡು ಬರುವ ಹಾಗೆ ತನ್ನ ಕೆಲಸವನ್ನೇ ಕಟ್ಟಿಕೊಂಡಿತು.

11 ಹಾಸಿಗೆ

ಡಾ. ಗೋವಿಂದಪ್ಪ ವೆಂಕಟಸ್ವಾಮಿ ಹುಟ್ಟಿದ್ದು 1918ರಲ್ಲಿ, ತಮಿಳುನಾಡಿನ ದಕ್ಷಿಣದ ಒಂದು ಹಳ್ಳಿಯ ರೈತ ಮನೆಯಲ್ಲಿ. ಎಲ್ಲರೂ ಅವರನ್ನು ಡಾ. ವಿ ಅಂತಲೇ ಕರೆಯುತ್ತಿದ್ದರು. 1944ರಲ್ಲಿ ಮದ್ರಾಸಿನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದು ಸೇನೆಗೆ ಸೇರಿದರು. ಹೆರಿಗೆ ಡಾಕ್ಟರಾಗಬೇಕು ಅನ್ನುವುದು ಅವರ ಆಸೆ. ಅಷ್ಟರಲ್ಲಿ ಕೀಲುವಾತ ಹಿಡಿಯಿತು. ಹಾಸಿಗೆಯಿಂದ ಏಳಲಾಗದ ಸ್ಥಿತಿ. 1948ರಲ್ಲಿ ಸೇನೆಯಿಂದ ಹೊರಬರಬೇಕಾಯಿತು. ಕೈಬೆರಳುಗಳು ಸೊಟ್ಟಗಾಗಿ ಹಾಗೇ ನಿಂತುಬಿಟ್ಟವು. ಹೆರಿಗೆ ಮಾಡಿಸುವ ಕೆಲಸ ಇನ್ನು ಆಗುವುದಿಲ್ಲ ಅಂತಾದಾಗ ಕಣ್ಣಿನ ವೈದ್ಯಕ್ಕೆ ಹೊರಳಿದರು. ಸೊಟ್ಟ ಬೆರಳುಗಳಿಗೆ ಒಗ್ಗುವ ಹಾಗೆ ಉಪಕರಣಗಳನ್ನು ಮಾಡಿಸಿಕೊಂಡು, ಚಾಕು ಹಿಡಿಯುವುದನ್ನು ಮತ್ತೆ ಮೊದಲಿನಿಂದ ಕಲಿತರು. ಪೊರೆಯ ಆಪರೇಷನ್ನಿನಲ್ಲಿ ಕೂದಲೆಳೆಯಷ್ಟು ಕೈ ಅಲುಗಿದರೂ ಕಣ್ಣು ಹೋಗಬಹುದು. ಅಂಥ ಕೈಯಲ್ಲಿ ಅವರು ಜೀವಮಾನದಲ್ಲಿ ಮಾಡಿದ ಕಣ್ಣಿನ ಆಪರೇಷನ್‌ಗಳು 1 ಲಕ್ಷಕ್ಕೂ ಜಾಸ್ತಿ.

ಮಧುರೈನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಕಣ್ಣಿನ ವಿಭಾಗ ನಡೆಸುತ್ತಾ ಹಳ್ಳಿ ಹಳ್ಳಿಗಳಲ್ಲಿ ಕ್ಯಾಂಪು ಮಾಡಿದರು. 1976ರಲ್ಲಿ ನಿವೃತ್ತಿ. ಆ ವಯಸ್ಸಿನಲ್ಲಿ ಪಿಂಚಣಿ ತೆಗೆದುಕೊಂಡು ಮನೆಯಲ್ಲಿರಬಹುದಿತ್ತು. ಅವರು ತಂಗಿ, ತಮ್ಮ, ಭಾವ ಅಂತ ಮನೆಯವರನ್ನೆಲ್ಲ ಕಟ್ಟಿಕೊಂಡು ಟ್ರಸ್ಟ್ ಮಾಡಿ, ಮಧುರೈನ ಅಣ್ಣಾ ನಗರದ ಒಂದು ಮನೆಯಲ್ಲಿ 11 ಹಾಸಿಗೆಯ ಆಸ್ಪತ್ರೆ ತೆರೆದರು. ದುಡ್ಡಿಗಾಗಿ ತಮ್ಮ ಮನೆಯನ್ನು ಅಡವಿಟ್ಟರು. ತಂಗಿ ಡಾ. ನಾಚಿಯಾರ್, ಅವರ ಗಂಡ ಡಾ. ನಂಪೆರುಮಾಳ್‌ಸ್ವಾಮಿ ಇಬ್ಬರೂ ಕಣ್ಣಿನ ಡಾಕ್ಟರು. ತಮ್ಮ ಶ್ರೀನಿವಾಸನ್ ಕಟ್ಟಡ, ಹಣಕಾಸು ನೋಡಿಕೊಂಡರು.

11 ಹಾಸಿಗೆಯಲ್ಲಿ 6 ದುಡ್ಡಿಲ್ಲದವರಿಗೆ, 5 ಕೊಡುವವರಿಗೆ. ಮೊದಲು ಸಂಪಾದನೆ ಮಾಡೋಣ, ನೆಲೆ ನಿಂತ ಮೇಲೆ ದಾನಧರ್ಮ ಅನ್ನುವುದು ಲೋಕದ ರೂಢಿ. ಇಲ್ಲಿ ಮೊದಲ ದಿನದಿಂದಲೇ ಫ್ರೀ ಹಾಸಿಗೆ ಒಂದು ಜಾಸ್ತಿ ಇತ್ತು. ಆ ಪ್ರಮಾಣ ದೊಡ್ಡ ಆಸ್ಪತ್ರೆಯಾದ ಮೇಲೂ ಹೆಚ್ಚುಕಡಿಮೆ ಹಾಗೇ ನಡೆದುಕೊಂಡು ಬಂತು. ಈಗ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಆಪರೇಷನ್ ಮತ್ತು ಚಿಕಿತ್ಸೆಗಳಾಗುತ್ತವೆ. ಅದರಲ್ಲಿ ಅರ್ಧದಷ್ಟು ಜನ ದುಡ್ಡು ಕೊಡುವುದಿಲ್ಲ ಅಥವಾ ತೀರಾ ಕಡಿಮೆ ಕೊಡುತ್ತಾರೆ.

ಡಾ. ವಿ ಪಾಂಡಿಚೇರಿಯ ಅರವಿಂದಾಶ್ರಮದ ಒಡನಾಟ ಇದ್ದವರು. ಆಸ್ಪತ್ರೆಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಕೆಲಸವೇ ಸಾಧನೆ ಅನ್ನುವ ನಂಬಿಕೆ ಅವರದು. ಗುರಿ ಒಂದೇ: ತಪ್ಪಿಸಬಹುದಾದ ಕುರುಡುತನ ಇರಬಾರದು. ಅದಕ್ಕೆ ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಗಳು ಮೂರು. ಬಂದವರನ್ನು ವಾಪಸ್ ಕಳಿಸುವ ಹಾಗಿಲ್ಲ. ಗುಣಮಟ್ಟ ಇಳಿಸುವ ಹಾಗಿಲ್ಲ. ಬೇರೆಯವರ ದುಡ್ಡಿನ ಮೇಲೆ ಬದುಕುವ ಹಾಗಿಲ್ಲ.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿ. ಯಾವುದಾದರೂ ಎರಡನ್ನು ಪಾಲಿಸುವುದು ಅಷ್ಟು ಕಷ್ಟವಲ್ಲ. ದಾನ ಎತ್ತಿ ಎಲ್ಲರಿಗೂ ಒಳ್ಳೆಯ ಚಿಕಿತ್ಸೆ ಕೊಡಬಹುದು. ಬಡವರನ್ನು ಬಿಟ್ಟು, ಒಳ್ಳೆಯ ಆಸ್ಪತ್ರೆ ನಡೆಸಿ ಲಾಭ ಮಾಡಬಹುದು. ಕಳಪೆ ಕೆಲಸವನ್ನು ಎಲ್ಲರಿಗೂ ಅಗ್ಗಕ್ಕೆ ಹಂಚಬಹುದು. ಮೂರನ್ನೂ ಬಿಡುವ ಹಾಗಿಲ್ಲ ಅಂದಾಗ ಮಾತ್ರ ಕೆಲಸ ಮಾಡುವ ರೀತಿಯನ್ನೇ ಬೇರು ಸಮೇತ ಬದಲಾಯಿಸಬೇಕಾಗುತ್ತದೆ. ಅರವಿಂದ್‌ನ ಒಳಗಿನ ಏರ್ಪಾಡುಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಎರಡು ಟೇಬಲ್, ಒಂದು ಸ್ಟೂಲು

ಆಪರೇಷನ್ ಥಿಯೇಟರಿನ ಒಳಗೆ ಡಾಕ್ಟರು ಒಂದು ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರ ಎರಡು ಪಕ್ಕಕ್ಕೆ ಎರಡು ಟೇಬಲ್. ಈ ಟೇಬಲ್ಲಿನಲ್ಲಿ ಒಬ್ಬರ ಪೊರೆ ತೆಗೆಯುತ್ತಿರುವಾಗ ಆ ಟೇಬಲ್ಲಿನಲ್ಲಿ ಇನ್ನೊಬ್ಬರನ್ನು ಸಿಸ್ಟರ್‌ಗಳು ಅಣಿ ಮಾಡಿರುತ್ತಾರೆ. ಕಣ್ಣು ಮರಗಟ್ಟಿಸಿ, ತೊಳೆದು, ಬಟ್ಟೆ ಹೊದಿಸಿ, ಉಪಕರಣಗಳನ್ನು ಸಾಲಾಗಿ ಜೋಡಿಸಿ ಎಲ್ಲ ತಯಾರು. ಮೊದಲನೆಯದು ಮುಗಿಯುತ್ತಲೇ ಮೈಕ್ರೋಸ್ಕೋಪು ಈ ಕಡೆಯಿಂದ ಆ ಕಡೆಗೆ ತಿರುಗುತ್ತದೆ. ಡಾಕ್ಟರು ಎದ್ದು ಓಡಾಡುವ ಕೆಲಸವಿಲ್ಲ. ಒಂದು ಪೊರೆಗೆ ಹತ್ತು ನಿಮಿಷದ ಒಳಗೆ ಸಾಕು. ಹೀಗೆ ಒಬ್ಬ ಡಾಕ್ಟರು ವರ್ಷಕ್ಕೆ 2 ಸಾವಿರದಷ್ಟು ಆಪರೇಷನ್ ಮಾಡುತ್ತಾರೆ. ದೇಶದ ಸಾಮಾನ್ಯ ಲೆಕ್ಕಕ್ಕೆ ಇದು ಹಲವು ಪಟ್ಟು.

ಅಮೆರಿಕಕ್ಕೆ ಹೋಗಿದ್ದಾಗ ಡಾ. ವಿ ಅವರಿಗೆ ಮೆಕ್‌ಡೊನಾಲ್ಡ್ಸ್ ಹೋಟೆಲುಗಳು ಬಹಳ ಹಿಡಿಸಿದ್ದವು. ತಿಂಡಿಯ ರುಚಿ ಅವರಿಗೆ ಮುಖ್ಯವಾಗಿರಲಿಲ್ಲ. ಯಾವ ಊರಿಗೆ ಹೋದರೂ ಅದೇ ಗುಣಮಟ್ಟ, ಅದೇ ಬೆಲೆ, ಸಾಮಾನ್ಯ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ಅಷ್ಟು ಚೊಕ್ಕಟವಾಗಿ ಕೆಲಸ ಮಾಡಿಸುವ ರೀತಿ, ಇದು ಅವರನ್ನು ಸೆಳೆಯಿತು. ಬೆಂಗಳೂರಿನ ದರ್ಶಿನಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ನಿಂತು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಚಟ್ನಿ ಹಾಕುವವರು ಚಟ್ನಿ ಬಿಟ್ಟು ಬೇರೆ ಕಡೆ ನೋಡುವುದಿಲ್ಲ, ಕಾಫಿ ಬೆರೆಸುವವರ ಕೈ ನಿಲ್ಲುವುದಿಲ್ಲ, ಮುನ್ನೂರನೆಯ ಇಡ್ಲಿಯೂ ಮೊದಲನೆಯದರ ಹಾಗೇ ಇರುತ್ತದೆ.

ನಮ್ಮ ಕಡೆಯವರಿಗೆ ಇಂಥ ವೇಗ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಕ್ಯಾಂಪು ಹಾಕಿ, ಸಾಲಾಗಿ ಮಲಗಿಸಿದ ಜನರ ಪೊರೆಯನ್ನು ಒಬ್ಬರ ನಂತರ ಒಬ್ಬರಂತೆ ತೆಗೆಯುತ್ತಿದ್ದರು. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಅಂತ ಕರೆದರು. ಮೋದಿಯವರ ಕೈಗುಣ ಅವರ ಜೊತೆಗೇ ಊರೂರು ಸುತ್ತುತ್ತಿತ್ತು. ಅರವಿಂದ್‌ನವರು ಅಂಥ ಕೈಗುಣವನ್ನು ಒಂದು ಕಟ್ಟಡದಲ್ಲಿ ನೆಲೆ ನಿಲ್ಲಿಸಿ, ನೂರಾರು ಜನರಿಗೆ ಕಲಿಸಬಹುದಾದ ಪದ್ಧತಿ ಮಾಡಿದರು. ಎರಡೂ ದೊಡ್ಡ ಕೆಲಸವೇ.

ವೇಗ ಅಂದಕೂಡಲೇ ಎಲ್ಲರಿಗೂ ಬರುವ ಸಂಶಯ ಒಂದಿದೆ: ಇಷ್ಟು ಜೋರಾಗಿ ಮಾಡಿದರೆ ಕೆಲಸ ಕೆಡುವುದಿಲ್ವಾ? ಇದಕ್ಕೆ ಅರವಿಂದ್‌ನಲ್ಲಿ ಲೆಕ್ಕ ಇಟ್ಟು ಉತ್ತರ ಹೇಳುತ್ತಾರೆ. ಯಾವ ಡಾಕ್ಟರ ಕೈಯಲ್ಲಿ ಎಷ್ಟು ತೊಡಕಾಯಿತು, ಎಷ್ಟು ಜನರಿಗೆ ಸೋಂಕು ಬಂತು ಅಂತ ಪ್ರತಿಯೊಂದನ್ನೂ ಬರೆದಿಡುತ್ತಾರೆ, ಕೂತು ಚರ್ಚಿಸುತ್ತಾರೆ. ಆಪರೇಷನ್ ನಂತರ ಕಣ್ಣಿನ ಒಳಗೆ ಸೋಂಕಾಗುವುದು ಬಹಳ ಅಪಾಯ, ದೃಷ್ಟಿಯೇ ಹೋಗಬಹುದು. ಇಲ್ಲಿ ಅದು 10 ಸಾವಿರಕ್ಕೆ 7ರಷ್ಟಿತ್ತು. ಕಣ್ಣಿನ ಒಳಗೇ ಮಾಕ್ಸಿಫ್ಲಾಕ್ಸಾಸಿನ್ ಅನ್ನುವ ಔಷಧಿ ಬಿಡಲು ಶುರು ಮಾಡಿದ ಮೇಲೆ 10 ಸಾವಿರಕ್ಕೆ 2ಕ್ಕೆ ಇಳಿಯಿತು. ಇದು 20 ಲಕ್ಷ ಆಪರೇಷನ್‌ಗಳನ್ನು ನೋಡಿ ಹಾಕಿದ ಲೆಕ್ಕ. ಶ್ರೀಮಂತ ದೇಶಗಳ ಆಸ್ಪತ್ರೆಗಳ ಪಕ್ಕದಲ್ಲಿ ಇಟ್ಟರೂ ಇದು ತಲೆ ಎತ್ತಿ ನಿಲ್ಲುವ ಸಂಖ್ಯೆ. 10 ಸಾವಿರಕ್ಕೆ 7 ಅಂದರೇ ಕಡಿಮೆ ಅಲ್ವಾ, ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಆ ಏಳು ಜನರೂ ಕಣ್ಣು ಕಾಣಲಿ ಅಂತಲೇ ಬಂದವರು.

ಸಂಬಳ ಎಷ್ಟು ಅಂತ ಕೇಳದ ಕೌಂಟರು

ಅರವಿಂದ್‌ನಲ್ಲಿ ನನಗೆ ತುಂಬಾ ಇಷ್ಟವಾದ ಏರ್ಪಾಡು ಇದು. ಬಂದವರ ಹತ್ತಿರ ಆದಾಯದ ಸರ್ಟಿಫಿಕೇಟ್ ಕೇಳುವುದಿಲ್ಲ. ರೇಷನ್ ಕಾರ್ಡಿನ ಬಣ್ಣ ನೋಡುವುದಿಲ್ಲ. ದುಡ್ಡು ಕೊಡುವ ವಿಭಾಗಕ್ಕೆ ಹೋಗಬೇಕೋ ಫ್ರೀ ವಿಭಾಗಕ್ಕೆ ಹೋಗಬೇಕೋ ಅನ್ನುವುದನ್ನು ಬಂದವರೇ ತೀರ್ಮಾನಿಸುತ್ತಾರೆ. ಅನುಕೂಲಸ್ಥರು ಫ್ರೀ ಕಡೆಗೆ ಹೋದರೂ ತಡೆಯುವವರಿಲ್ಲ.

ತಾಲ್ಲೂಕು ಕಚೇರಿಯ ಮುಂದೆ ಆದಾಯ ಪ್ರಮಾಣಪತ್ರಕ್ಕೆ ಕಾದು ನಿಂತವರಿಗೆ ಇದರ ಬೆಲೆ ಗೊತ್ತು. ನಾನು ಬಡವಿ ಅಂತ ನಾಲ್ಕು ಜನರ ಮುಂದೆ ಸಾಬೀತು ಮಾಡುವುದು ಇದೆಯಲ್ಲ, ಅದರಷ್ಟು ಮನಸ್ಸು ಮುದುಡಿಸುವ ಕೆಲಸ ಇನ್ನೊಂದಿಲ್ಲ. ಅರವಿಂದ್‌ನವರು ಜನರನ್ನು ನಂಬಿದರು. ಒಂದಿಷ್ಟು ಜನ ಇದರ ದುರುಪಯೋಗ ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ. ಅವರನ್ನು ಹಿಡಿಯಲು ಎಲ್ಲರನ್ನೂ ಅನುಮಾನದಿಂದ ನೋಡುವುದು ಬೇಡ ಅನ್ನುವುದು ಇದರ ಹಿಂದಿನ ಲೆಕ್ಕ. ಇದರಿಂದ ಕೆಲಸವೂ ಸಲೀಸು: ದಾಖಲೆ ಪರೀಕ್ಷಿಸಲು ಗುಮಾಸ್ತರು ಬೇಡ, ಕಡತ ಬೇಡ, ಜಗಳ ಬೇಡ.

ಡಾಕ್ಟರುಗಳು ಎರಡು ಕಡೆಯೂ ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಫ್ರೀ ವಿಭಾಗಕ್ಕೆ ಬೇರೆ ಡಾಕ್ಟರು, ದುಡ್ಡಿನ ವಿಭಾಗಕ್ಕೆ ಬೇರೆ ಡಾಕ್ಟರು ಅಂತಿಲ್ಲ. ಹಾಗಾಗಿ ಫ್ರೀ ಕಡೆ ಕೈ ಸಡಿಲ ಬಿಡುವ ಅಭ್ಯಾಸ ಬೆಳೆಯಲು ಜಾಗವೇ ಇಲ್ಲ.

ಆದರೆ ಎರಡೂ ಕಡೆ ಎಲ್ಲವೂ ಒಂದೇ ಅಂತ ನಾನು ಬರೆದರೆ ಅದು ನಿಜವಾಗುವುದಿಲ್ಲ. ದುಡ್ಡು ಕೊಡುವವರಿಗೆ ಮಂಚ ಇದೆ, ಬೇಕಾದರೆ ಬೇರೆ ರೂಮು, ಎಸಿ ಇದೆ. ಫ್ರೀ ಕಡೆ ದೊಡ್ಡ ಹಾಲಿನಲ್ಲಿ ಚಾಪೆ. ಆಪರೇಷನ್ನಿನ ವಿಧಾನದಲ್ಲೂ ವ್ಯತ್ಯಾಸ ಇದೆ. ದುಡ್ಡು ಕೊಡುವವರು ಮಷಿನ್ನಿನಿಂದ ಪೊರೆ ಕರಗಿಸುವ ಫೇಕೋ ವಿಧಾನ, ಪೊರೆಯ ಜಾಗಕ್ಕೆ ಕಣ್ಣಿನ ಒಳಗೆ ಕೂರಿಸುವ ಮಡಚುವ ಲೆನ್ಸು ಆರಿಸಿಕೊಳ್ಳಬಹುದು. ಫ್ರೀ ಕಡೆ ಹೆಚ್ಚಾಗಿ ಚಿಕ್ಕ ಗಾಯ ಮಾಡಿ ಕೈಯಲ್ಲೇ ಪೊರೆ ತೆಗೆದು ಗಟ್ಟಿ ಲೆನ್ಸು ಕೂರಿಸುತ್ತಾರೆ. ಇದಕ್ಕೆ ಖರ್ಚು ಕಡಿಮೆ, ಹಣ್ಣಾದ ಗಟ್ಟಿ ಪೊರೆಗೆ ಇದು ಚೆನ್ನಾಗಿ ಒಗ್ಗುತ್ತದೆ, ದೃಷ್ಟಿಯ ವಿಷಯದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಸಮ ಅಂತ ಅಧ್ಯಯನಗಳು ಹೇಳುತ್ತವೆ. ನನಗನಿಸುವುದು ಇಷ್ಟು: ಮಂಚ ಚಾಪೆಯಲ್ಲಿ ಭೇದ ಇಟ್ಟರೂ, ಕಣ್ಣು ಎಷ್ಟು ಚೆನ್ನಾಗಿ ಕಾಣಬೇಕು ಅನ್ನುವುದರಲ್ಲಿ ಭೇದ ಇಡಬಾರದು ಅಂತ ಅವರು ಗೆರೆ ಎಳೆದರು. ಮಂಚದ ದುಡ್ಡೇ ಚಾಪೆಯ ಮೇಲಿನವರ ಲೆನ್ಸಿಗೆ ಹೋಗುತ್ತದೆ. ಎಲ್ಲಿ ಭೇದ ಆಗಬಹುದು, ಎಲ್ಲಿ ಕೂಡದು ಅಂತ ಮೊದಲೇ ಯೋಚಿಸಿ ಗೆರೆ ಎಳೆದುಕೊಂಡ ಸಂಸ್ಥೆಗಳು ನನಗೆ ಕಂಡದ್ದು ಕಡಿಮೆ.

ಅಜ್ಜಿಯ ಸೋಡಾಬುಡ್ಡಿ ಕನ್ನಡಕ

ಲೆನ್ಸಿನ ಮಾತು ಬಂದಾಗ ನನ್ನ ಅಜ್ಜಿ ನೆನಪಾಗುತ್ತಾರೆ. ನಾನು ಚಿಕ್ಕವಳಿದ್ದಾಗ ಅವರ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಆ ಕಾಲಕ್ಕೆ ಹಳ್ಳಿಯವರಿಗೆ ಪೊರೆ ತೆಗೆಯುತ್ತಿದ್ದರೇ ಹೊರತು ಅದರ ಜಾಗಕ್ಕೆ ಲೆನ್ಸು ಹಾಕುತ್ತಿರಲಿಲ್ಲ. ಬದಲಿಗೆ ದಪ್ಪ ಗಾಜಿನ ಕನ್ನಡಕ. ಅದನ್ನು ಹಾಕಿದರೆ ಎಲ್ಲ ದೊಡ್ಡದಾಗಿ, ಹತ್ತಿರದಲ್ಲಿ ಇದ್ದ ಹಾಗೆ ಕಾಣುತ್ತಿತ್ತಂತೆ. ಅಮ್ಮ ಕಾಫಿ ಲೋಟ ತಂದು ಮುಂದಿಟ್ಟರೆ ಅಜ್ಜಿಯ ಕೈ ಲೋಟ ಸಿಗುವ ಮೊದಲೇ ಗಾಳಿಯಲ್ಲಿ ಮುಚ್ಚಿಕೊಳ್ಳುತ್ತಿತ್ತು. "ಎಲ್ಲಿಟ್ಟೆ ಅದನ್ನ?" ಅಂತ ಕೇಳುತ್ತಿದ್ದರು. ಲೋಟ ಕಣ್ಣ ಮುಂದೆಯೇ ಇರುತ್ತಿತ್ತು. ಜಗಲಿಯ ಮೆಟ್ಟಿಲು ಇಳಿಯುವಾಗ ಕಾಲನ್ನು ಎರಡು ಸಲ ಆಡಿಸಿ ನೋಡಿ ಇಡುತ್ತಿದ್ದರು. ಒಂದು ದಿನ ಕನ್ನಡಕ ಬಿದ್ದು ಒಡೆಯಿತು. ಹೊಸದು ಬರುವವರೆಗೆ ಗೋಡೆ ಹಿಡಿದೇ ನಡೆದರು.

ಅರವಿಂದ್‌ನಲ್ಲೂ ಶುರುವಿನಲ್ಲಿ ಫ್ರೀ ಜನರಿಗೆ ಇಂಥದ್ದೇ ಕನ್ನಡಕ. ಕಣ್ಣಿನ ಒಳಗೆ ಕೂರಿಸುವ ಲೆನ್ಸು ಆಗ ಹೊರದೇಶದಿಂದ ಬರಬೇಕಿತ್ತು, ಒಂದಕ್ಕೆ 100 ಡಾಲರಿನ ಆಸುಪಾಸು. ದುಡ್ಡು ಕೊಡುವವರಿಗೆ ಲೆನ್ಸು, ಬಡವರಿಗೆ ಸೋಡಾಬುಡ್ಡಿ. ಇದು ಅವರ ಎರಡನೇ ಕಟ್ಟಳೆಗೇ ಪೆಟ್ಟು. ಬಡ ದೇಶಗಳಿಗೆ ಲೆನ್ಸು ಯಾಕೆ, ಕನ್ನಡಕ ಸಾಕು ಅನ್ನುವ ಅಭಿಪ್ರಾಯ ಆಗ ದೊಡ್ಡ ದೊಡ್ಡವರಲ್ಲೇ ಇತ್ತು. ಅರವಿಂದ್‌ನವರು ಆ ಮಾತು ಒಪ್ಪಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಬದಲಿಗೆ ಲೆನ್ಸನ್ನು ತಾವೇ ಮಾಡುವ ಹಟ ತೊಟ್ಟರು. ಅಮೆರಿಕದ ಡೇವಿಡ್ ಗ್ರೀನ್ ಮುಂತಾದವರ ನೆರವಿನಿಂದ 1992ರಲ್ಲಿ ಮಧುರೈನಲ್ಲಿ ಅರೋಲ್ಯಾಬ್ ಅನ್ನುವ ಲೆನ್ಸಿನ ಫ್ಯಾಕ್ಟರಿ ಶುರುವಾಯಿತು. ಬೆಲೆ 10 ಡಾಲರಿಗೆ ಇಳಿಯಿತು, ಆಮೇಲೆ ಇನ್ನೂ ಇಳಿಯಿತು. ಇವತ್ತು ಆ ಲೆನ್ಸುಗಳು 100ಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಮೇಲೆ ಹೇಳಿದ ಸೋಂಕು ತಡೆಯುವ ಔಷಧಿಯನ್ನೂ ಈಗ ಅಲ್ಲೇ ಮಾಡುತ್ತಾರೆ.

ಒಂದು ಆಸ್ಪತ್ರೆ ಫ್ಯಾಕ್ಟರಿ ಹಾಕಿದ್ದು ವ್ಯಾಪಾರ ಹೆಚ್ಚಿಸಿಕೊಳ್ಳಲು ಅಂತ ಮೇಲ್ನೋಟಕ್ಕೆ ಅನಿಸುತ್ತದೆ. ಒಳಗೆ ಹೋಗಿ ನೋಡಿದರೆ, ಗೋಡೆ ಹಿಡಿದು ನಡೆಯುವ ಅಜ್ಜಿಯರ ಬಗ್ಗೆ ಅವರಿಗೆ ಸಮಾಧಾನ ಇರಲಿಲ್ಲ, ಅದಕ್ಕೆ ಹಾಕಿದ್ದು.

ಹಳ್ಳಿಯ ಹುಡುಗಿಯರು

ಅರವಿಂದ್‌ನ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿಯ ಹೆಣ್ಣುಮಕ್ಕಳು. ಪಿಯುಸಿ ಮಟ್ಟದ ಓದು ಮುಗಿಸಿದವರನ್ನು ಆರಿಸಿ, ಎರಡು ವರ್ಷ ಸ್ಟೈಪೆಂಡ್ ಕೊಟ್ಟು ತರಬೇತಿ ಮಾಡುತ್ತಾರೆ. ಆರಿಸುವಾಗ ಮಾರ್ಕ್ಸಿಗಿಂತ ಸ್ವಭಾವಕ್ಕೆ ಒತ್ತು ಜಾಸ್ತಿ. ಅಪ್ಪ ಅಮ್ಮನನ್ನೂ ಕರೆಸಿ ಮಾತಾಡುತ್ತಾರೆ. ತರಬೇತಿ ಮುಗಿದ ಮೇಲೆ ಕಣ್ಣಿನ ಪವರ್ ಪರೀಕ್ಷೆ, ಲೆನ್ಸಿನ ಅಳತೆ, ಥಿಯೇಟರಿನಲ್ಲಿ ಡಾಕ್ಟರಿಗೆ ನೆರವು, ರೋಗಿಗಳಿಗೆ ತಿಳಿಸಿ ಹೇಳುವುದು, ಹೀಗೆ ಒಬ್ಬೊಬ್ಬರು ಒಂದೊಂದು ಕೆಲಸದಲ್ಲಿ ಪಳಗುತ್ತಾರೆ. ಡಾಕ್ಟರೇ ಮಾಡಬೇಕಾದ ಕೆಲಸ ಮಾತ್ರ ಡಾಕ್ಟರಿಗೆ ಉಳಿಯುತ್ತದೆ. ಖರ್ಚು ಇಳಿಯುವುದರ ಗುಟ್ಟು ಇಲ್ಲಿದೆ.

ಸೇವೆಯ ಗುಟ್ಟೂ ಇಲ್ಲೇ ಇದೆ ಅಂತ ನನಗನಿಸುತ್ತದೆ. ಚಾಪೆಯ ಮೇಲೆ ಕೂತ ಅಜ್ಜ ಮಾತಾಡುವ ರೀತಿ ಆ ಹುಡುಗಿಗೆ ಗೊತ್ತು, ಅವಳ ಮನೆಯಲ್ಲೂ ಅಂಥ ಅಜ್ಜ ಇದ್ದಾನೆ. ನಗುತ್ತಾ ಮಾತಾಡಿ ಅಂತ ಅವಳಿಗೆ ಬೋರ್ಡು ಬರೆದು ತೋರಿಸಬೇಕಾಗಿಲ್ಲ.

ಇದಕ್ಕೂ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ಇಲ್ಲಿ ಕೆಲಸದ ಒತ್ತಡ ಬಹಳ. ಬೆಳಗ್ಗೆ ಬೇಗ ಶುರುವಾಗುತ್ತದೆ, ಜನಸಂದಣಿ ಮುಗಿಯುವುದಿಲ್ಲ. ಡಾಕ್ಟರುಗಳಿಗೆ ಹೊರಗೆ ಇದಕ್ಕಿಂತ ಹೆಚ್ಚು ದುಡ್ಡು ಸಿಗುತ್ತದೆ. ಇಲ್ಲಿ ಕಲಿತು ಹೊರಗೆ ಹೋಗುವವರು ಇದ್ದಾರೆ. ಶುರುವಿನ ವರ್ಷಗಳಲ್ಲಿ ಮನೆಯವರು ಸಂಬಳದ ಲೆಕ್ಕವೇ ಇಡದೆ ದುಡಿದರು. ಅದನ್ನೇ ಎಲ್ಲ ಕೆಲಸಗಾರರಿಂದಲೂ ನಿರೀಕ್ಷಿಸಲಾಗುವುದಿಲ್ಲ, ನಿರೀಕ್ಷಿಸಲೂಬಾರದು. ಸೇವಾ ಮನೋಭಾವ ಅನ್ನುವ ಮಾತಿನ ಕೆಳಗೆ ಯಾರ ದುಡಿಮೆಯೂ ಅಗ್ಗವಾಗಬಾರದು. ಇಂಥ ಯಾವ ಸಂಸ್ಥೆಯನ್ನು ಹೊಗಳುವಾಗಲೂ ನಾನು ಈ ಪ್ರಶ್ನೆಯನ್ನು ಜೊತೆಗೇ ಇಟ್ಟುಕೊಳ್ಳುತ್ತೇನೆ.

ನೂರಕ್ಕೆ ಏಳು

1990ರ ದಶಕದ ಹೊತ್ತಿಗೆ ಅರವಿಂದ್‌ಗೆ ದೊಡ್ಡ ಹೆಸರು ಬಂದಿತ್ತು. ಹಾರ್ವರ್ಡ್ ಬಿಸಿನೆಸ್ ಸ್ಕೂಲು 1993ರಲ್ಲಿ ಅದರ ಮೇಲೆ ಪ್ರಕರಣ ಅಧ್ಯಯನ ಬರೆಯಿತು. ಥೇಣಿ, ತಿರುನೆಲ್ವೇಲಿ, ಕೊಯಮತ್ತೂರಿನಲ್ಲಿ ಹೊಸ ಆಸ್ಪತ್ರೆಗಳಾದವು. ವಾರ ವಾರವೂ ಕ್ಯಾಂಪುಗಳು ನಡೆಯುತ್ತಿದ್ದವು. ಲಯನ್ಸ್, ರೋಟರಿ, ದೇವಸ್ಥಾನ, ಶಾಲೆ ಅಂತ ಊರಿನವರೇ ಮುಂದೆ ನಿಂತು ಪ್ರಚಾರ ಮಾಡುತ್ತಿದ್ದರು. ಕನ್ನಡಕವನ್ನೂ ಕ್ಯಾಂಪಿನಲ್ಲೇ ಗಾಜು ಕೊರೆದು ಕೂರಿಸಿ ಕೊಡುತ್ತಿದ್ದರು.

ಆ ಹೊತ್ತಿನಲ್ಲಿ ಅವರು ಒಂದು ಪ್ರಶ್ನೆ ಕೇಳಿಕೊಂಡರು: ಕ್ಯಾಂಪಿಗೆ ಬಂದವರ ಲೆಕ್ಕ ಸರಿ, ಬಾರದೆ ಮನೆಯಲ್ಲೇ ಉಳಿದವರೆಷ್ಟು? 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ಕಣ್ಣಿನ ತೊಂದರೆ ಇದ್ದವರಲ್ಲಿ ಕ್ಯಾಂಪಿಗೆ ಬಂದವರು ನೂರಕ್ಕೆ 7ರಷ್ಟು ಮಾತ್ರ.

ಅಷ್ಟು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನು ಅಳೆದು ನೋಡಿ, 7 ಅನ್ನುವ ಸಂಖ್ಯೆಯನ್ನು ಲೋಕದ ಮುಂದೆ ಇಡುವುದಕ್ಕೆ ಎದೆ ಗಟ್ಟಿ ಇರಬೇಕು. ಕ್ಯಾಂಪಿನಲ್ಲಿ ಜನ ತುಂಬಿದ ಫೋಟೋ ಹಾಕಿಕೊಂಡು ಇರಬಹುದಿತ್ತು, ಅಲ್ವಾ? ಬಸ್ ಚಾರ್ಜಿನ ಕಾಲದಲ್ಲಿ ಕೇಳಿದ ಪ್ರಶ್ನೆಯನ್ನೇ ಇಪ್ಪತ್ತು ವರ್ಷದ ನಂತರವೂ ಕೇಳುತ್ತಿದ್ದರು. ಒಂದು ಸಂಸ್ಥೆಯ ಸಂಸ್ಕೃತಿ ಅಂತ ನಾನು ಕರೆಯುವುದು ಇದನ್ನು.

ದಾರಿಯನ್ನೂ ಬದಲಾಯಿಸಿದರು. ವರ್ಷಕ್ಕೊಮ್ಮೆ ಬರುವ ಕ್ಯಾಂಪು ಸಾಲದು, ವರ್ಷವಿಡೀ ತೆರೆದಿರುವ ಬಾಗಿಲು ಬೇಕು ಅಂತ 2004ರಿಂದ ಸಣ್ಣ ಊರುಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯುತ್ತಾ ಬಂದರು. ಈಗ ಅವು ನೂರರ ಮೇಲಿವೆ. ಅಲ್ಲಿ ಡಾಕ್ಟರು ಇರುವುದಿಲ್ಲ. ತರಬೇತಾದ ಸಿಸ್ಟರ್ ಕಣ್ಣು ಪರೀಕ್ಷಿಸಿ, ಚಿತ್ರ ತೆಗೆದು ಕಳಿಸುತ್ತಾರೆ. ಆಸ್ಪತ್ರೆಯಲ್ಲಿ ಕೂತ ಡಾಕ್ಟರು ಅದನ್ನು ನೋಡಿ ರೋಗಿಯ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಹೆಚ್ಚಿನವರಿಗೆ ಬೇಕಾದದ್ದು ಒಂದು ಕನ್ನಡಕ ಅಥವಾ ಒಂದು ಸಲಹೆ, ಅದು ಅಲ್ಲೇ ಮುಗಿಯುತ್ತದೆ. ಕೊರೊನಾ ಬರುವುದಕ್ಕೆ ಹದಿನೈದು ವರ್ಷ ಮೊದಲೇ ಹಳ್ಳಿಯ ಜನ ಹೀಗೆ ಡಾಕ್ಟರ ಜೊತೆ ಮಾತಾಡುತ್ತಿದ್ದರು.

ಕಲಿತದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. 1992ರಲ್ಲಿ ಶುರುವಾದ ಅವರ ತರಬೇತಿ ಸಂಸ್ಥೆ ದೇಶ ವಿದೇಶದ ನೂರಾರು ಕಣ್ಣಾಸ್ಪತ್ರೆಗಳಿಗೆ ಈ ಪದ್ಧತಿಗಳನ್ನೆಲ್ಲ ಬಿಡಿಸಿ ಹೇಳಿಕೊಟ್ಟಿದೆ. ಪಕ್ಕದ ಅಂಗಡಿಯವನಿಗೆ ತನ್ನ ಮಸಾಲೆಯ ಅಳತೆ ಹೇಳಿಕೊಟ್ಟ ಹಾಗೆ ಇದು. ಕುರುಡುತನ ಹೋಗಬೇಕು ಅನ್ನುವುದೇ ಗುರಿಯಾದರೆ ಯಾರ ಕೈಯಲ್ಲಿ ಹೋದರೇನು, ಹೋದರೆ ಸಾಕು ಅಲ್ವಾ.

ಡಾ. ವಿ 2006ರ ಜುಲೈನಲ್ಲಿ ತೀರಿಕೊಂಡರು. ಕಟ್ಟಿದವರು ಹೋದ ಮೇಲೆ ಇಂಥ ಸಂಸ್ಥೆಗಳು ಸೊರಗುವುದನ್ನು ನಾವು ಬೇಕಾದಷ್ಟು ಕಡೆ ನೋಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. 2008ರಲ್ಲಿ ಗೇಟ್ಸ್ ಫೌಂಡೇಶನ್ನಿನ ಪ್ರಶಸ್ತಿ, 2010ರಲ್ಲಿ ಹಿಲ್ಟನ್ ಪ್ರಶಸ್ತಿ ಬಂದವು. ಆಮೇಲೆ ಚೆನ್ನೈ, ತಿರುಪತಿಯಲ್ಲೂ ಆಸ್ಪತ್ರೆಗಳಾದವು. ಮುಂದಿನ ತಲೆಮಾರಿನವರು ಸಾಲು ಸಾಲಾಗಿ ಒಳಗೆ ಇದ್ದದ್ದು ಒಂದು ಕಾರಣ. ನಿಯಮಗಳು ಒಬ್ಬರ ತಲೆಯಲ್ಲಿ ಉಳಿಯದೆ ಕೌಂಟರಿನಲ್ಲಿ, ಥಿಯೇಟರಿನಲ್ಲಿ, ಡ್ಯೂಟಿ ಪಟ್ಟಿಯಲ್ಲಿ ಇಳಿದುಬಿಟ್ಟಿದ್ದವು ಅನ್ನುವುದು ಇನ್ನೂ ದೊಡ್ಡ ಕಾರಣ ಅಂತ ನನ್ನ ಎಣಿಕೆ.

ಕ್ಯಾಂಪುಗಳು ಈಗಲೂ ನಡೆಯುತ್ತವೆ. ಆಪರೇಷನ್ ಆದವರು ಕಪ್ಪು ಕನ್ನಡಕ ಹಾಕಿಕೊಂಡು, ಔಷಧಿಯ ಚೀಲ ಹಿಡಿದು ಅದೇ ಬಸ್ಸಿನಲ್ಲಿ ಊರಿಗೆ ಹೋಗುತ್ತಾರೆ. ಕೆಲವು ವಾರ ಕಳೆದ ಮೇಲೆ ಕಣ್ಣು ಹೇಗಿದೆ ಅಂತ ನೋಡಿಸಿಕೊಳ್ಳಲು ಅವರು ಮತ್ತೆ ಬಸ್ ಹತ್ತಬೇಕಾಗಿಲ್ಲ. ಆಸ್ಪತ್ರೆಯವರೇ ಊರಿಗೆ ಬರುತ್ತಾರೆ.